ಸಂಪಿಯನ್ನು ಕರೆದ ಹಾಡು

ಒಂದು ಕೆರೆಯಲ್ಲಿ ಮೂವರ ರಾಕ್ ಬ್ಯಾಂಡ್ ಇತ್ತು. ಜೀರುಂಡೆ ಗಿಟಾರ್ ನುಡಿಸುತ್ತಿತ್ತು, ಏಡಿ ಡ್ರಮ್ ಬಾರಿಸುತ್ತಿತ್ತು, ಕಪ್ಪೆ ಗುಟುರಯ್ಯ ಹಾಡುತ್ತಿದ್ದ. ಅವನ ಹೆಂಡತಿ ಸಂಪಿ ಮುನಿಸಿಕೊಂಡು ಆಚೆ ಹಳ್ಳಕ್ಕೆ ಹೋಗಿ ವರ್ಷವಾಗಿತ್ತು. ಅವಳಿಗಾಗಿಯೇ ಅವನು 'ತಪ್ಪಾಯಿತು, ಬಾರೇ' ಎಂಬ ಹಾಡು ಕಟ್ಟಿದ.

"ಇದನ್ನು ಬಿಡುಗಡೆ ಮಾಡೋಣ. ಹಳ್ಳದವರೆಗೂ ಮುಟ್ಟುತ್ತದೆ," ಎಂದಿತು ಏಡಿ.

ಬಿಡುಗಡೆಯಾದ ದಿನವೇ ಹಾಡು ಗೆದ್ದಿತು. ವಾರದೊಳಗೆ ಕೆರೆಯ ಕಪ್ಪೆಗಳೆಲ್ಲ ಅದನ್ನೇ ಹಾಡತೊಡಗಿದವು. ಸಂಪಿಗೂ ಅದು ಕೇಳಿಸಿತು. ಅವಳು ಕುಪ್ಪಳಿಸುತ್ತ ಕೆರೆಯ ಏರಿಗೆ ಬಂದು, ಎದುರಿಗಿದ್ದ ಮರಿಗಪ್ಪೆಯನ್ನು ಕೇಳಿದಳು: "ಬಾರೇ ಎಂದು ಕರೆಯುತ್ತಿರುವವರು ಯಾರು?"

"ಯಾರೂ ಕರೆಯುತ್ತಿಲ್ಲ ತಾಯಿ. ಇದು ಹಾಡು. ಎಲ್ಲರೂ ಹಾಡುತ್ತೇವೆ."

ಸಂಪಿ ಹಿಂದಿರುಗಲು ಹೊರಟಳು. ಅಷ್ಟರಲ್ಲಿ ಗುಟುರಯ್ಯ ಅವಳನ್ನು ದೂರದಿಂದ ಕಂಡ. ರಾಗ, ತಾಳ ಎಲ್ಲ ಬಿಟ್ಟು ಗಂಟಲು ಹರಿಯುವಂತೆ ಕೂಗಿದ: "ಸಂಪೀ! ನಾನಿಲ್ಲಿದ್ದೇನೆ!"

ಕಪ್ಪೆಗಳೆಲ್ಲ ಹೊಸ ಹಾಡು ಬಂತೆಂದು ಹಿಗ್ಗಿ ಒಟ್ಟಿಗೆ ಕೂಗಿದವು: "ಸಂಪೀ! ನಾನಿಲ್ಲಿದ್ದೇನೆ!"

ಸಂಪಿ ತಿರುಗಿ ನೋಡಿದಳು. ನೂರು ಬಾಯಿಗಳಲ್ಲಿ ಗಂಡನದು ಯಾವುದೆಂದು ತಿಳಿಯದೆ ಹಳ್ಳದ ದಾರಿ ಹಿಡಿದಳು.