ಬೀರದೆ ಉಳಿದ ಎಳ್ಳುಂಡೆ

ಶಿಷ್ಯ ಕೇಳಿದ: "ಗುರುಗಳೇ, ನಮ್ಮಪ್ಪ ತೀರಿಕೊಂಡು ಮೂರು ವರ್ಷವಾಯಿತು. ಅವರ ವಿಷಯವನ್ನು ನಾನು ಯಾರ ಹತ್ತಿರವೂ ಎತ್ತಿಲ್ಲ. ಮಾತಾಡಿದರೆ ಎಲ್ಲಿ ಸವೆದುಹೋಗುತ್ತದೋ ಎಂದು ಭಯ. ಆದರೂ ಅವರ ಮುಖ ದಿನದಿನಕ್ಕೆ ಮಸುಕಾಗುತ್ತಿದೆ. ನೆನಪನ್ನು ಕಾಪಾಡಿಕೊಳ್ಳುವುದು ಹೇಗೆ?"

ಗುರುಗಳು ನಕ್ಕರು. "ಅಯ್ಯೋ ಮಾರಾಯ, ಮೂರು ವರ್ಷ ಬಾಯಿ ಹೊಲಿದುಕೊಂಡು ಕೂತೆಯಾ? ಒಳ್ಳೆಯ ಕಾವಲುಗಾರ! ಹಾಗಾದರೆ ಕೇಳು," ಎಂದು ಈ ಕತೆ ಹೇಳಿದರು.

ಒಬ್ಬ ನೇಕಾರನ ಹೆಂಡತಿ ಇದ್ದಳು. ನಾಗರಪಂಚಮಿ ಹತ್ತಿರ ಬಂತೆಂದರೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ತವರಿನಿಂದ ಅಣ್ಣ ಬುಟ್ಟಿ ಹೊತ್ತು ಬರುತ್ತಿದ್ದ. ಬುಟ್ಟಿಯ ತುಂಬ ಅವ್ವ ಕಟ್ಟಿದ ಎಳ್ಳುಂಡೆ. ಆ ಊರಿನಲ್ಲಿ ಒಂದು ಪದ್ಧತಿ. ತವರಿನ ಉಂಡೆ ಬಂದರೆ ಮೊದಲು ಬೀದಿಯ ಮನೆಮನೆಗೆ ಒಂದೊಂದು ಬೀರಬೇಕು, ಆಮೇಲೆ ತಾವು ಬಾಯಿಗೆ ಹಾಕಿಕೊಳ್ಳಬೇಕು. ಅವಳಿಗೋ ಒಂದೊಂದು ಉಂಡೆ ಕೊಡುವಾಗಲೂ ಕರುಳು ಕಿತ್ತುಬಂದ ಹಾಗಾಗುತ್ತಿತ್ತು. ಏನು ಮಾಡುವುದು, ಪದ್ಧತಿ ಬಿಡುವಂತಿಲ್ಲ, ಕೊಡುತ್ತಿದ್ದಳು. ಬೀದಿಯ ಕೊನೆಯಲ್ಲಿ ಎಣ್ಣೆ ತೆಗೆಯುವ ಗಾಣಿಗರ ಮನೆ. ಮನೆಯ ತುಂಬ ಎಳ್ಳೇ ಇರುವವರಿಗೆ ಇಡೀ ಉಂಡೆ ಯಾತಕ್ಕೆ ಎಂದು, ಒಡೆದದ್ದನ್ನೇ ಆರಿಸಿ ಅವರಿಗೆ ಕೊಡುತ್ತಿದ್ದಳು. ಭಾರಿ ಜಾಣೆ!

ಒಂದು ವರ್ಷ ಬುಟ್ಟಿ ಬಂದ ಮರುದಿನವೇ ಅವ್ವ ಹೋದ ಸುದ್ದಿ ಬಂತು. ಅಳುತ್ತಾ ತವರಿಗೆ ಹೋಗಿ, ಮಣ್ಣು ಮಾಡಿ, ಸೂತಕದ ದಿನಗಳನ್ನು ಮುಗಿಸಿ ಬಂದಾಗ ಬುಟ್ಟಿ ಇಟ್ಟಲ್ಲೇ ಇತ್ತು. ಬೀರಲು ಅವಳಿಗೆ ಕೈ ಬರಲಿಲ್ಲ. ತಿನ್ನಲೂ ಮನಸ್ಸಾಗಲಿಲ್ಲ. ಉಂಡೆಗಳನ್ನೆಲ್ಲ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಬಿಗಿದು ಅಟ್ಟದ ಮೇಲಿಟ್ಟಳು. ಬೀದಿಯವರು ಯಾರೂ ಕೇಳಲಿಲ್ಲ. ಗಾಣಿಗರ ಹೆಂಗಸು ಮಾತ್ರ ಬಾವಿಯ ಹತ್ತಿರ ಸಂಕೋಚಪಡುತ್ತಾ ಕೇಳಿದಳು: "ಅಕ್ಕಾ, ಅವ್ವನ ಕೈಯ ಉಂಡೆ ಏನಾದರೂ ಉಳಿದಿದೆಯಾ? ಒಂದು ಚೂರು ಸಾಕು."

"ಒಂದೂ ಇಲ್ಲ," ಎಂದುಬಿಟ್ಟಳು ಇವಳು. ನಮ್ಮವ್ವ ಸತ್ತರೂ ಇವಳ ಬಾಯಿಚಪಲ ಬಿಡಲಿಲ್ಲವಲ್ಲ ಎಂದು ಮನೆಯವರೆಗೂ ಗೊಣಗಿಕೊಂಡು ಬಂದಳು.

ಮುಂದಿನ ಪಂಚಮಿಯ ದಿನ ಭರಣಿ ಇಳಿಸಿ, ಬಟ್ಟೆ ಬಿಚ್ಚಿ, ಕಣ್ಣು ಮುಚ್ಚಿ ವಾಸನೆ ನೋಡಿದಳು. ಅವ್ವ ಬಂದಳು. ಒಲೆಯ ಮುಂದೆ ಕುಳಿತಿದ್ದಾಳೆ. ಬೆಲ್ಲದ ಪಾಕದ ಹಬೆಯಲ್ಲಿ ಗೋಡೆಯಿಲ್ಲ, ಬಾಗಿಲಿಲ್ಲ, ಮನೆಯೇ ಮೆಲ್ಲಗೆ ತೇಲುತ್ತಿದೆ. ಉಂಡೆಯನ್ನು ಬಿಸಿ ಇರುವಾಗಲೇ ಕಟ್ಟಬೇಕಲ್ಲ, ಅವ್ವನ ಅಂಗೈ ಕೆಂಪಾಗಿದೆ. ಉಫ್ ಉಫ್ ಎಂದು ಊದಿಕೊಳ್ಳುತ್ತಾಳೆ. ಊದುತ್ತಲೇ ಮಗಳ ಕಡೆ ತಿರುಗಿ, "ಬಾ ಪುಟ್ಟವ್ವಾ" ಎನ್ನುತ್ತಾಳೆ. ನೇಕಾರನ ಹೆಂಡತಿ ಎಷ್ಟು ಹೊತ್ತು ಹಾಗೇ ಕುಳಿತಿದ್ದಳೋ ಅವಳಿಗೇ ತಿಳಿಯದು. ಗಂಡ ಬಂದು ಊಟಕ್ಕೆ ಕೂಗಿದಾಗಲೇ ಎಚ್ಚರವಾದದ್ದು.

ಎರಡನೆಯ ವರ್ಷವೂ ಅವ್ವ ಬಂದಳು, ಮಾತಾಡಲಿಲ್ಲ. ಮೂರನೆಯ ವರ್ಷ ಬೆನ್ನು ಮಾತ್ರ ಕಂಡಿತು. ನಾಲ್ಕನೆಯ ವರ್ಷ ಬಟ್ಟೆ ಬಿಚ್ಚಿದರೆ ಬರೀ ಕಮಟು ವಾಸನೆ. ಅವಳು ಕಣ್ಣು ಮುಚ್ಚಿದಳು. ಒಲೆ ಇತ್ತು, ಒಲೆಯ ಮುಂದೆ ಯಾರೂ ಇರಲಿಲ್ಲ. ಅವ್ವನ ಮುಖ ಹೇಗಿತ್ತು? ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ತಾನೇ ಉಂಡೆ ಕಟ್ಟೋಣವೆಂದರೆ ಕಲಿತವಳೇ ಅಲ್ಲ, ವರ್ಷವರ್ಷವೂ ಬುಟ್ಟಿ ಬರುತ್ತಿತ್ತಲ್ಲ! ಅವ್ವ ಇನ್ನೊಂದು ಸಲ ಸತ್ತಳು ಎಂದು ಭರಣಿ ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಅಷ್ಟರಲ್ಲಿ ಗಾಣಿಗರ ಹೆಂಗಸು ಬಾಗಿಲಿಗೆ ಬಂದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಒಂದೇ ಒಂದು ಎಳ್ಳುಂಡೆ. "ಹಬ್ಬದ ದಿನ ಅಳಬಾರದು ಅಕ್ಕಾ. ಇದನ್ನು ಬಾಯಿಗೆ ಹಾಕಿಕೊಳ್ಳಿ," ಎಂದಳು.

ಬೇಡವೆನ್ನಲಾಗದೆ ನೇಕಾರನ ಹೆಂಡತಿ ಒಂದು ತುಣುಕು ಕಚ್ಚಿದಳು. ಹಬೆ ಎದ್ದಿತು. ಒಲೆಯ ಮುಂದೆ ಅವ್ವ ಕುಳಿತಿದ್ದಳು, ಅಂಗೈ ಊದಿಕೊಂಡಳು, ಈ ಕಡೆ ತಿರುಗಿದಳು. ಅದೇ ಮುಖ, ಅದೇ ನಗು. "ಬಾ ಪುಟ್ಟವ್ವಾ" ಎಂದಳು.

ಸಂತೋಷವಾಗಬೇಕಲ್ಲ? ಮೊದಲು ಬಂದದ್ದು ಸಿಟ್ಟು. "ಇದು ನಮ್ಮವ್ವನ ಕೈರುಚಿ! ನಿನಗೆ ಹೇಗೆ ಬಂತು?" ಎಂದು ಎಗರಿಬಿದ್ದಳು.

ಗಾಣಿಗರ ಹೆಂಗಸು ಬೇಸರಪಡಲಿಲ್ಲ. "ನಿಮ್ಮವ್ವನನ್ನು ನಾನು ನೋಡಿದವಳೂ ಅಲ್ಲ ಅಕ್ಕಾ. ನೀವು ಒಡೆದ ಉಂಡೆ ಕೊಡುತ್ತಿದ್ದಿರಲ್ಲ, ಒಳಗೆ ಏನೇನಿದೆ ಎಂದು ಕಾಣುತ್ತಿತ್ತು. ನೋಡಿ ನೋಡಿ ಕಲಿತೆ. ಪಾಕದ ಹದ ಒಂದು ಮಾತ್ರ ಕೈಗೆ ಹತ್ತಿರಲಿಲ್ಲ. ಅವ್ವ ಹೋದಾಗ, ನಿಮಗೆ ಅಂಥದೇ ಉಂಡೆ ಕಟ್ಟಿಕೊಟ್ಟರೆ ಜೀವಕ್ಕೆ ಸಮಾಧಾನವಾದೀತು ಅನ್ನಿಸಿತು. ರುಚಿ ಹೋಲಿಸಿ ನೋಡೋಣವೆಂದೇ ಆವತ್ತು ಬಾವಿಯ ಹತ್ತಿರ ಒಂದು ಚೂರು ಕೇಳಿದ್ದು. ಸಿಕ್ಕಿದ್ದರೆ ಅದೇ ತಿಂಗಳು ತಂದುಕೊಡುತ್ತಿದ್ದೆ. ಉಳಿದೇ ಇರಲಿಲ್ಲ, ಪಾಪ, ನೀವಾದರೂ ಏನು ಮಾಡುತ್ತೀರಿ? ಹದ ಸಿಕ್ಕಲು ನಾಲ್ಕು ವರ್ಷ ಹಿಡಿಯಿತು."

ನೇಕಾರನ ಹೆಂಡತಿ ಮಡಿಲಲ್ಲಿದ್ದ ಭರಣಿಯ ಮೇಲೆ ಸೆರಗು ಎಳೆದುಕೊಂಡಳು. ಅವಳಿಗೆ ತಲೆ ಎತ್ತಲಾಗಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. "ಆಮೇಲೆ ಅವಳು ನಿಜ ಹೇಳಿದಳೇ, ಗುರುಗಳೇ?" ಎಂದ ಶಿಷ್ಯ.

"ಅವಳ ಮಾತು ಅವಳಿಗಿರಲಿ. ನಿಮ್ಮಪ್ಪನನ್ನು ನಾನು ಕಂಡವನಲ್ಲ. ಹೇಗಿದ್ದರು, ಹೇಳು," ಎಂದರು ಗುರುಗಳು.

ಶಿಷ್ಯ ಬಾಯಿ ತೆರೆದ. "ನಮ್ಮಪ್ಪ..." ಎಂದು ತಡವರಿಸಿದ.