ಉಪ್ಪಿನವನು ನೆಟ್ಟ ಕೋಲು

"ಅಜ್ಜಾರ, ಅರ್ಧ ಕಲಿತಾಂವ ನಾಕು ಮಂದಿಗೆ ಹೇಳಬಹುದೇನ್ರಿ?" ಎಂದು ಅಡಿವೆಪ್ಪ ಗುರುಗಳನ್ನು ಕೇಳಿದ.

ಅವನು ಮಠದಲ್ಲಿದ್ದುಕೊಂಡು, ಹೊಲದ ಬದುವಿನಲ್ಲಿ ತಾವಾಗಿ ಬೆಳೆಯುವ ಸೊಪ್ಪುಗಳನ್ನು ಗುರುತಿಸಲು ಕಲಿಯುತ್ತಿದ್ದ. ಕಲಿತದ್ದನ್ನು ಕಲಿತ ಹಾಗೆಯೇ ಬರೆಯಲು ಒಂದು ಬ್ಲಾಗನ್ನೂ ತೆರೆದಿದ್ದ. ಓದುವವರು ಕೆಲವರೇ ಇದ್ದರೂ ಅವನಿಗೆ ಅದೇ ಹಬ್ಬ. ಆದರೆ ಮೊನ್ನೆ ಒಂದು ಸೊಪ್ಪಿನ ಬಗ್ಗೆ, ಯಾರೋ ಹೇಳಿದ್ದನ್ನು ಕೇಳಿ, ತಾನು ಬೇಯಿಸದೆ ತಿನ್ನದೆ ಬರೆದುಬಿಟ್ಟ. ಗುರುತಿಲ್ಲದ ಹೆಂಗಸೊಬ್ಬರು ಅದರ ಕೆಳಗೇ ಬರೆದರು: "ತಮ್ಮಾ, ಆ ಸೊಪ್ಪು ಒಮ್ಮೆ ಕುದಿಸಿ ನೀರು ಚೆಲ್ಲಬೇಕು. ಇಲ್ಲಾಂದ್ರ ಗಂಟಲು ಕೆರೀತೈತಿ." ಎಲ್ಲರೆದುರು ಕಪಾಳಕ್ಕೆ ಬಿದ್ದಂತಾಯಿತು ಅಡಿವೆಪ್ಪನಿಗೆ. ಆಕೆಯ ಮಾತನ್ನು ಅಳಿಸಿದ. ಇನ್ನು ಬ್ಲಾಗನ್ನೇ ಅಳಿಸುವುದೆಂದು ನಿಶ್ಚಯಿಸಿಕೊಂಡು ಬಂದಿದ್ದ. ಇದಿಷ್ಟನ್ನೂ ಮುಚ್ಚಿಡದೆ ಗುರುಗಳಿಗೆ ಹೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಉಪ್ಪಿನ ವ್ಯಾಪಾರಿ ಹೊಸದಾಗಿ ಒಂದು ಸೀಮೆಗೆ ಬಂದ. ಅವನ ಆಸ್ತಿಯೆಂದರೆ ಒಂದು ಕತ್ತೆ, ಅದರ ಮೇಲೊಂದು ಹೇರು ಉಪ್ಪು. ಸಂತೆಗೆ ಹೋಗಬೇಕಾದರೆ ಹೊಳೆ ದಾಟಬೇಕು. ನೀರು ಮೊಳಕಾಲಷ್ಟೇ, ಆದರೆ ತಳದ ಮರಳು ಅಲ್ಲಲ್ಲಿ ಕುಸಿಯುತ್ತಿತ್ತು. ದಂಡೆಯಲ್ಲಿ ಹುಟ್ಟಿದವರಿಗೆ ದಾರಿ ಕಾಲಿಗೇ ಗೊತ್ತಿತ್ತು, ಕೇಳಿದರೆ ಬಾಯಲ್ಲಿ ಹೇಳಲು ಬರುತ್ತಿರಲಿಲ್ಲ. ಮೊದಲ ಸಲವೇ ಕತ್ತೆ ಎದೆಮಟ್ಟ ಕುಸಿದು, ಅರ್ಧ ಹೇರು ನೀರುಪಾಲಾಯಿತು. ಕಾಳು ಬಿದ್ದರೆ ಬಳಿದುಕೊಳ್ಳಬಹುದು, ಉಪ್ಪು ಬಿದ್ದರೆ ಹುಡುಕುವುದೇನನ್ನು? ಇನ್ನೊಮ್ಮೆ ಹೀಗಾದರೆ ಅವನ ಕಸುಬೇ ಮುಗಿದಂತೆ.

ಆದ್ದರಿಂದ ಅವನು ದಂಡೆಯ ಲಕ್ಕಿ ಗಿಡದ ಕೋಲುಗಳನ್ನು ಕಡಿದು ತಂದ. ಕಾಲು ನಿಂತ ಕಡೆ ಒಂದು ಕೋಲು ನೆಟ್ಟ. ಕಾಲು ಕುಸಿದ ಕಡೆಯೂ ಒಂದು ನೆಟ್ಟು, ಇಲ್ಲಿ ಕಾಲಿಡಬಾರದೆಂಬ ಗುರುತಿಗೆ ಅದಕ್ಕೆ ಚಿಂದಿ ಕಟ್ಟಿದ. ಹೊಳೆಯಲ್ಲಿ ಬಲೆ ಬೀಸುತ್ತಿದ್ದ ಬೆಸ್ತನೊಬ್ಬ ನಕ್ಕ. "ನಿನ್ನೆ ಮುಳುಗಿದಾಂವ ಇವತ್ತ ದಾರಿ ತೋರಸಾಕತ್ತಾನ ನೋಡ್ರಿ!"

ಆ ಕೋಲುಗಳನ್ನೇ ನೋಡಿಕೊಂಡು ದಾಟುತ್ತಿದ್ದ ಬಳೆಗಾರ ಹೇಳಿದ: "ಎಲ್ಲಿ ಮುಳುಗತಾರ ಅನ್ನೂದು ನಿನ್ನೆ ಮುಳುಗಿದಾಂವಗಽ ನೆನಪಿರತೈತಿ, ಅಣ್ಣಾ."

ಬಳೆಗಾರನ ಹಿಂದೆ ಹಾಲಿನವರು ದಾಟಿದರು, ಅವರ ಹಿಂದೆ ಕುರಿಯವರು. ಎಲ್ಲರೂ ಉಪ್ಪಿನವನನ್ನು ಹೊಗಳಿದರು. ಹೊಗಳಿಕೆ ತಲೆಗೇರಿತು. ಹೊಳೆಯನ್ನು ತಾನು ಪೂರಾ ಬಲ್ಲೆನೆಂದು ತೋರಿಸುವ ಹಂಬಲ ಹುಟ್ಟಿತು. ಒಂದು ದಿನ ಬಂಡೆಯ ಮೇಲೆ ನಿಂತು, ನೀರಿನ ಬಣ್ಣ ನೋಡಿಯೇ, ಕೈಚಾಚಿ ಒಂದು ಕೋಲು ನೆಟ್ಟ. ಅದಕ್ಕೆ ಚಿಂದಿ ಕಟ್ಟಲಿಲ್ಲ.

ಮಜ್ಜಿಗೆ ಮಾರುವ ಮುದುಕಿಯೊಬ್ಬಳು ಅದನ್ನು ನಂಬಿ ಕಾಲಿಟ್ಟಳು. ಸೊಂಟದವರೆಗೆ ಕುಸಿದಳು. ಜೀವ ಉಳಿಯಿತು, ಗಡಿಗೆ ಹೋಯಿತು. ತೊಯ್ದ ಸೀರೆಯಲ್ಲೇ ಸಂತೆಗೆ ಬಂದು, ಮಂದಿಯ ನಡುವೆ ಅವನನ್ನು ಕೇಳಿದಳು: "ಅಲ್ಲಿ ನೀ ಕಾಲಿಟ್ಟು ನೋಡಿದ್ದೇನೋ, ಯಪ್ಪಾ?"

ಅವನು ತಲೆ ತಗ್ಗಿಸಿದ. ಆವತ್ತೇ ಕತ್ತೆಯನ್ನು ಹೊಡೆದುಕೊಂಡು ಆ ಸೀಮೆ ಬಿಟ್ಟ. ಮಳೆಗಾಲದಲ್ಲಿ ಹೊಳೆ ತುಂಬಿ ಹರಿದಾಗ, ಕೋಲುಗಳೆಲ್ಲ ಕೊಚ್ಚಿಹೋಗಲಿ, ಅವುಗಳ ಜೊತೆ ತನ್ನ ಹೆಸರೂ ಹೋಗಲಿ ಎಂದುಕೊಂಡ.

ಬೇರೆ ಕಡೆ ವ್ಯಾಪಾರ ಕುದುರಲಿಲ್ಲ. ಹೊಟ್ಟೆ ಕೇಳಬೇಕಲ್ಲ. ಉಳಿದಿದ್ದ ಕಡೆಯ ಹೇರನ್ನು ಹೇರಿಕೊಂಡು ಅವನು ಮತ್ತೆ ಅದೇ ಹೊಳೆಗೆ ಬಂದ. ನೆರೆ ಇಳಿದು ಮರಳು ಜಾಗ ಬದಲಿಸಿತ್ತು. ಕಲಿತದ್ದೆಲ್ಲ ಸುಳ್ಳಾಯಿತು, ಈ ಹೇರೂ ಹೊಳೆಗೇ ಎಂದುಕೊಂಡ.

ಆದರೆ ಹೊಳೆಯ ತುಂಬ ಕೋಲುಗಳಿದ್ದವು. ಅವನು ನೆಟ್ಟದ್ದು ಒಂದೂ ಇರಲಿಲ್ಲ. ಕೆಲವು ಬಿದಿರಿನವು, ಕೆಲವು ಜಾಲಿಯವು. ಒಂದಕ್ಕೆ ಬೆಸ್ತನ ಬಲೆಯ ಹರಕು ಕಟ್ಟಿತ್ತು, ಇನ್ನೊಂದಕ್ಕೆ ಕಂಬಳಿಯ ಚೂರು. ಬಂಡೆಯ ಬಳಿಯ ಕೋಲಿಗೆ ಹಳೆಯ ಸೀರೆಯ ಅಂಚು ಕಟ್ಟಿತ್ತು. ಆ ಸೀರೆಯನ್ನು ಅವನು ಸಂತೆಯಲ್ಲಿ ನೋಡಿದ್ದ, ತೊಯ್ದು ನೀರು ಸೋರುತ್ತಿದ್ದಾಗ.

ಬಟ್ಟೆ ಕಟ್ಟಿದ್ದ ಕಡೆ ಬಳಸಿಕೊಂಡು, ಅವನು ಬರಿಯ ಕೋಲಿನಿಂದ ಬರಿಯ ಕೋಲಿಗೆ ಕಾಲಿಟ್ಟ. ಕತ್ತೆ ಹಿಂದೆ ಬಂತು. ಆಚೆ ದಂಡೆ ಹತ್ತಿ ಹೇರು ಮುಟ್ಟಿ ನೋಡಿದ. ಉಪ್ಪು ಒಣಗಿಯೇ ಇತ್ತು. ಅಲ್ಲೇ ಕೂತು ಮನಸಾರೆ ಅತ್ತ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವುದು ಲೋಕರೂಢಿ. ಅವನು ಹಾಗೆ ಹೋಗಲಿಲ್ಲ. ನೇರ ಮುದುಕಿಯ ಮನೆಗೆ ಹೋಗಿ, ಸೇರು ತುಂಬ ಉಪ್ಪು ಅಳೆದು ಅವಳ ಮುಂದಿಟ್ಟ.

"ಇದ್ಯಾಕೋ?" ಎಂದಳು ಮುದುಕಿ.

"ಊರವರೆಲ್ಲ ನನ್ನ ಉಪ್ಪು ಉಂಡವರು ಅಂತ ತಿಳಿದಿದ್ದೆ, ಯವ್ವಾ. ಇವತ್ತ ನಾ ನಿಮ್ಮ ಋಣದಾಗ ಅದೇನಿ," ಎಂದು ಅವನು ಕೈಮುಗಿದ. ಮುದುಕಿ ಉಪ್ಪನ್ನು ಒಳಗಿಟ್ಟು, ಒಂದು ಬಟ್ಟಲು ಮಜ್ಜಿಗೆ ತಂದುಕೊಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪನ ಮುಖ ಅರಳಿತ್ತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಬಾಗಿ ಗುರುಗಳ ಪಾದ ಮುಟ್ಟಿದ.

"ತಿಳೀತ್ರಿ ಅಜ್ಜಾರ. ಬ್ಲಾಗ್ ಅಳಸೂದಿಲ್ಲ. ಕಾಲಿಟ್ಟಲ್ಲಿ ಅಷ್ಟ ಕೋಲು ನೆಡತೇನಿ. ನಿಮ್ಮ ಉಪಕಾರ ಮರಿಯೂದಿಲ್ರಿ."

ಗುರುಗಳು ಅವನ ತಲೆ ಸವರಿದರು.

"ನನ್ನ ಉಪಕಾರ ಇರಲಿ, ಮಗನ, ನಿನ್ನ ಬ್ಲಾಗಿನಾಗ ಆ ತಾಯಿ ಕಟ್ಟಿದ ಚಿಂದಿ ಬಿಚ್ಚಿ ಒಗೆದಿಯಲ್ಲ, ಈಗ ಅಲ್ಲಿ ಯಾರು ಕಾಲಿಡಾಕತ್ತಾರೋ?"