ಗೆರೆ ಉಂಗುರವಾದಾಗ

"ಗುರುಗಳೇ, ನಾನು ಮತ್ತೆ ಮೊದಲ ಪಾಠದಿಂದ ಶುರು ಮಾಡಲೇ?" ಎಂದು ಶಿಷ್ಯ ಕೇಳಿದ.

"ಯಾಕೆ?"

"ಇಲ್ಲಿಗೆ ಬಂದ ಹೊಸದರಲ್ಲಿ ಧ್ಯಾನಕ್ಕೆ ಕೂತಾಗ ಮಾತ್ರ ಮನಸ್ಸಿಗೆ ಶಾಂತಿ ಸಿಗುತ್ತಿತ್ತು. ಅದನ್ನು ಎಲ್ಲಿ ಹುಡುಕಬೇಕೆಂದು ಗೊತ್ತಿತ್ತು. ಈಗ ಪಾತ್ರೆ ತೊಳೆಯುವಾಗಲೂ ಅದೇ ಶಾಂತಿ, ಹಸುವಿಗೆ ಹುಲ್ಲು ಹಾಕುವಾಗಲೂ ಅದೇ. ಯಾವ ಕಡೆ ಹೋಗಬೇಕೋ ತಿಳಿಯುತ್ತಿಲ್ಲ. ದಾರಿ ತಪ್ಪಿದೆನೇನೋ."

ಕೊಟ್ಟಿಗೆಯಲ್ಲಿ ಹಸು ಕೂಗಿತು. ಶಿಷ್ಯ ಏಳಲಿಲ್ಲ. ಗುರುಗಳು ಕತೆ ಶುರುಮಾಡಿದರು.

ಒಂದು ಸರಕು ಹಡಗು. ಅದಕ್ಕೊಬ್ಬ ಕಪ್ತಾನ. ಅವನ ಕೈಕೆಳಗೆ ಒಬ್ಬ ಯುವ ಅಧಿಕಾರಿ. ಒಂದು ಬೆಳಿಗ್ಗೆ ಹಡಗಿಗೆ ರೇಡಿಯೋದಲ್ಲಿ ಸುದ್ದಿ ಬಂತು. ಮೀನುಗಾರರ ದೋಣಿಯೊಂದು ಮುಳುಗಿದೆ. ಐವರು ರಬ್ಬರ್ ತೆಪ್ಪ ಹತ್ತಿದ್ದಾರೆ. ತೆಪ್ಪದ ಗಾಳಿ ಇಳಿಯುತ್ತಿದೆ.

ಕಡಲ ಮೇಲೆ ದಟ್ಟ ಮಂಜು. ಕಣ್ಣನ್ನು ನಂಬುವಂತಿರಲಿಲ್ಲ. ಯುವಕ ರಡಾರ್ ಮುಂದೆ ಕೂತ.

ತೆಪ್ಪದಲ್ಲಿ ಟ್ರಾನ್ಸ್‌ಪಾಂಡರ್ ಎಂಬ ಚಿಕ್ಕ ಉಪಕರಣವಿತ್ತು. ತಾನಾಗಿ ಅದು ಏನೂ ಹೇಳುವುದಿಲ್ಲ. ಹಡಗಿನ ರಡಾರ್ ಅಲೆ ಬಂದು ತಾಗಿದರೆ ಮಾತ್ರ ಉತ್ತರ ಕೊಡುತ್ತದೆ. ಆ ಉತ್ತರ ಪರದೆಯ ಮೇಲೆ ಹನ್ನೆರಡು ಚುಕ್ಕೆಗಳ ಒಂದು ಗೆರೆಯಾಗಿ ಮೂಡುತ್ತದೆ. ಗೆರೆಯಲ್ಲಿ ಹಡಗಿಗೆ ಹತ್ತಿರವಿರುವ ಚುಕ್ಕೆಯ ಬಳಿ ಜನರಿರುತ್ತಾರೆ.

ಎಷ್ಟು ಹೊತ್ತಾದರೂ ಗೆರೆ ಮೂಡಲಿಲ್ಲ. ಕಪ್ತಾನ ಬಗ್ಗಿ ನೋಡಿದ. ಪರದೆ ಚೊಕ್ಕಟವಾಗಿರಲೆಂದು ಯುವಕ ಕಡಲ ತೆರೆಗಳಿಂದ ಮೂಡುವ ಚುಕ್ಕೆಗಳ ಗದ್ದಲವನ್ನೆಲ್ಲ ಅಳಿಸಿಟ್ಟಿದ್ದ.

"ಕಸದ ಜೊತೆ ಅವರನ್ನೂ ಗುಡಿಸಿಬಿಟ್ಟೆಯಲ್ಲೋ ತಮ್ಮಾ" ಎಂದು ಕಪ್ತಾನ ಗುಂಡಿ ತಿರುಗಿಸಿದ. ಪರದೆ ತುಂಬ ಚುಕ್ಕೆ ಚೆಲ್ಲಿತು. ಅದರ ನಡುವೆ ಒಂದು ನೆಟ್ಟನೆಯ ಗೆರೆ ಕಾಣಿಸಿತು.

ಯುವಕನಿಗೆ ಹಿಗ್ಗೋ ಹಿಗ್ಗು. ಗೆರೆಯ ಮೇಲಿಂದ ಕಣ್ಣು ಕೀಳದೆ ಹಡಗನ್ನು ನಡೆಸಿದ. ಬಹಳ ದೂರ ಹೋದ ಮೇಲೆ ಚುಕ್ಕೆಗಳು ಅಗಲವಾದವು. ಆಮೇಲೆ ಬಾಗಿ ಕಮಾನುಗಳಾದವು. ಕಪ್ತಾನ ವೇಗ ತಗ್ಗಿಸಿದ. ಕಮಾನುಗಳು ಬೆಳೆದು, ಒಂದರ ಸುತ್ತ ಒಂದು ಉಂಗುರಗಳಾಗಿ ಪರದೆಯ ನಟ್ಟನಡುವನ್ನೇ ಸುತ್ತುವರಿದವು. ಆ ನಡುವಿನಲ್ಲಿ ಇದ್ದದ್ದು ಅವರದೇ ಹಡಗು.

ಯುವಕನ ಮುಖ ಸಪ್ಪಗಾಯಿತು. "ರಡಾರ್ ಕೆಟ್ಟುಹೋಯಿತು ಸಾರ್. ಎಲ್ಲಾ ಕಡೆಯಿಂದಲೂ ಉತ್ತರ ಬರುತ್ತಿದೆ. ಹಡಗು ತಿರುಗಿಸೋಣ. ಹಿಂದೆ ಗೆರೆ ಎಷ್ಟು ಸ್ಪಷ್ಟವಾಗಿತ್ತು."

ತಿರುಗಿಸಿದ್ದರೆ ಹಡಗಿನ ಹಿಂಬದಿ ಬೀಸಿ ತೆಪ್ಪಕ್ಕೆ ಬಡಿಯುತ್ತಿತ್ತು. ಕಪ್ತಾನ ಎಂಜಿನ್ ನಿಲ್ಲಿಸಿದ.

"ಕೆಟ್ಟಿಲ್ಲ. ಅದರ ಕೆಲಸ ಮುಗಿದಿದೆ. ಹೋಗಿ ಬಾಗಿಲು ತೆಗೆ."

ಯುವಕ ಬಾಗಿಲು ತೆಗೆದು ಹೊರಗೆ ನಿಂತ. ಮಂಜಿನೊಳಗೆ, ಕಾಲ ಬುಡದಿಂದಲೇ ಎಂಬಂತೆ, ಒಂದು ದನಿ ಬಂತು.

"ಎಂತ ಮಾರಾಯ್ರೆ, ಕೂಗಿ ಕೂಗಿ ನಮ್ಮ ಗಂಟಲು ಕಟ್ಟಿತು. ಒಳಗೆ ಕೂತು ಸಿನೆಮಾ ನೋಡ್ತಿದ್ದೀರಾ?"

ಯುವಕ ಹಗ್ಗದ ಏಣಿ ಇಳಿಸಿದ. ಅರ್ಧ ಗಾಳಿ ಇಳಿದ ತೆಪ್ಪದಿಂದ ಐವರೂ ಒಬ್ಬರ ಹಿಂದೊಬ್ಬರು ಮೇಲೆ ಬಂದರು. ಕೊನೆಗೆ ಬಂದ ಮುದುಕ ಕೈಯಲ್ಲಿದ್ದ ಟ್ರಾನ್ಸ್‌ಪಾಂಡರನ್ನು ಯುವಕನ ಕೈಗೆ ಕೊಟ್ಟ.

"ಇದನ್ನು ಹಿಡಿದು ಹಿಡಿದು ಭುಜ ಬಿದ್ದುಹೋಯಿತು. ಇನ್ನು ನೀವೇ ಇಟ್ಟುಕೊಳ್ಳಿ. ಚಾ ಉಂಟಾ?"

ಹಡಗಿನವರೆಲ್ಲ ನಕ್ಕರು. ಯುವಕ ತಾನೇ ಅಡುಗೆಮನೆಗೆ ಓಡಿದ. ರಡಾರ್ ಪರದೆಯಲ್ಲಿ ಉಂಗುರಗಳು ಇನ್ನೂ ಮೂಡುತ್ತಿದ್ದವು. ಯಾರೂ ಅತ್ತ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಾನು ಇನ್ನು ಯಾವ ಕಡೆ ನೋಡಲಿ, ಗುರುಗಳೇ?"

ಗುರುಗಳು ನಕ್ಕರು.

"ಎದ್ದು ಬಾಗಿಲು ತೆಗೆ, ಹಸು ಆಗಿನಿಂದ ಕೂಗುತ್ತಿದೆ."